ಒಣಗದ ಗೋಡೆ

“ಆ ತಲೆ ಯಾರದ್ದು? ತೆಗೀರಿ ಆ ತಲೇನ!”

ಗುಡ್ಡದ ಮೇಲಿನಿಂದ ಕೂಗು ಬಂದಾಗ ನಾನು ಮನೆಯ ಬಾಗಿಲ ಮುಂದೆ ಬಟ್ಟೆ ಹಿಂಡುತ್ತಾ ನಿಂತಿದ್ದೆ. ತಲೆ ಅಂದರೆ ನನ್ನದೇ ಎಂದು ಹೊಳೆಯಲಿಲ್ಲ. ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದೆ. ಅಷ್ಟರಲ್ಲಿ ಸೀಟಿ ಊದಿತು.

ಸೀಟಿ ಎಂದರೆ ನಮ್ಮ ಸೂಪರ್‌ವೈಜರ್. ಕೊರಳಲ್ಲಿ ಯಾವಾಗಲೂ ಒಂದು ಸೀಟಿ ನೇತಾಡುತ್ತಿರುವುದರಿಂದ ಅವನ ಹೆಸರೂ ಅದೇ ಆಗಿತ್ತು. ಊಟಕ್ಕೆ ಒಂದು ಊದು, ಕೆಲಸಕ್ಕೆ ಎರಡು, ಬೈಗುಳಕ್ಕೆ ಮೂರು. ಈಗ ಮೂರು ಊದಿದ್ದ.

“ಏಯ್ ಮುಂಡೇದೇ, ನಿಂಗೇ ಹೇಳ್ತಿರೋದು! ಕೂತ್ಕೊಳೇ ಕೆಳಗೆ!”

ಕೂತೆ.

“ಇನ್ನೂ ಕಾಣ್ತಿದೆ” ಎಂದಿತು ಮೊದಲಿನ ದನಿ.

“ಬಗ್ಗೇ! ಇನ್ನೂ ಬಗ್ಗು! ಬೆನ್ನಲ್ಲೇನು ಕಂಬಿ ಹಾಕ್ಸಿದೀಯಾ?”

ಬಗ್ಗಿದೆ. ಸಾಲದು ಎಂದರು. ಕೊನೆಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಸೋಪಿನ ನೀರು ಹರಿದ ಕೆಸರಿನಲ್ಲಿ ಅಂಗಾತ ಮಲಗಿದೆ.

“ಹಾಂ. ಈಗ ಸರಿ. ಈಗ ಬರೀ ಕೆರೆ, ಆಕಾಶ.”

ಎಷ್ಟು ಹೊತ್ತು ಹಾಗೆ ಇರಬೇಕು ಎಂದು ಯಾರೂ ಹೇಳಲಿಲ್ಲ. ಏಳಬಹುದೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಚಿಕ್ಕ ಮಗಳು ಬಾಗಿಲಿಗೆ ಬಂದು, “ಅಮ್ಮ, ಬಿದ್ದುಬಿಟ್ಯಾ?” ಎಂದಳು. “ಇಲ್ಲ ಮಗ, ಸುಮ್ನೆ ಮಲಗಿದೀನಿ” ಎಂದೆ. ಅವಳೂ ಬಂದು ಕೆಸರಲ್ಲಿ ನನ್ನ ಪಕ್ಕ ಮಲಗಿಕೊಂಡಳು.

ಮೇಲೆ, ಬಯಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಂದು ಕಣ್ಣು ಮುಚ್ಚಿ ಕೂತಿದ್ದವನು ನಕ್ಷೆಯವನು. ಧಣಿಯ ಹೊಸ ಮನೆಯ ಮುಂದೆ ಈಜುಕೊಳ ಬರಬೇಕಿತ್ತು. ಅದರ ಆಕಾರ ಗೊತ್ತುಮಾಡಲು ಅವನನ್ನು ಕರೆಸಿದ್ದರು. ಅವನ ಮುಂದೆ ಇಬ್ಬರು ಆಳುಗಳು ದಾರ ಎಳೆದು ಹಿಡಿದಿದ್ದರು. ದಾರ ಇರುವಲ್ಲಿ ಕೊಳದ ನೀರು ಮುಗಿಯಬೇಕು. ಆದರೆ ಮುಗಿದಂತೆ ಕಾಣಬಾರದು. ದಂಡೆಯೇ ಇಲ್ಲದ ಹಾಗೆ ನೀರು ಅಂಚಿನಿಂದ ತೆಳ್ಳಗೆ ಜಾರುತ್ತಿರಬೇಕು. ಧಣಿ ಸಂಜೆ ಆ ಕುರ್ಚಿಯಲ್ಲಿ ಕೂತರೆ ಕೊಳ ಎಲ್ಲಿ ಮುಗಿಯಿತು, ದೂರದ ಕೆರೆ ಎಲ್ಲಿ ಶುರುವಾಯಿತು ಎಂದು ತಿಳಿಯಬಾರದು. ನಡುವೆ ಐದು ತಗಡಿನ ಸೂರುಗಳಿದ್ದವು. ಮತ್ತು ನನ್ನ ತಲೆ.

*

ನಕ್ಷೆಗಳನ್ನು ಸಿಮೆಂಟಿನ ಶೆಡ್ಡಿನ ಗೋಡೆಗೆ ಅಂಟಿಸಿದ್ದರು. ಒಟ್ಟು ನಾಲ್ಕು. ಒಂದು ಉದ್ದನೆಯ ಚೌಕ, ಒಂದು ನೀರ ಹನಿಯ ಹಾಗೆ, ಒಂದು ಹುರುಳಿಕಾಳಿನ ಹಾಗೆ ನಡು ಬಾಗಿದ್ದು. ನಾಲ್ಕನೆಯದಕ್ಕೆ ಹೆಸರಿಡಲು ಬರುತ್ತಿರಲಿಲ್ಲ.

“ಈ ಬಾಗಿರೋದು ಕಿಡ್ನಿ ಆಕಾರವಂತೆ” ಎಂದಳು ನಾದಿನಿ. ಅವಳು ಜಲ್ಲಿ ಹೊರುವವಳು. ಎಲ್ಲರ ಬಾಯಿಂದ ಎಲ್ಲ ಸುದ್ದಿಯೂ ಮೊದಲು ಅವಳಿಗೇ ಬರುತ್ತಿತ್ತು.

“ನನ್ನ ಕಿಡ್ನೀಲಿ ಕಲ್ಲಿದೆ, ಇವರ ಕಿಡ್ನೀಲಿ ನೀರಿರುತ್ತೆ” ಎಂದ ಮಾವ. “ಹಣೆಬರಹ ನೋಡು.”

ಮಾವ ಎಂದರೆ ನನ್ನ ಗಂಡನ ಅಪ್ಪ, ಈ ಕೆಲಸದ ಮೇಸ್ತ್ರಿ. ನನ್ನ ಗಂಡ ಬೇರೆ ಊರಿನ ಕಟ್ಟಡದಲ್ಲಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಮಾವ ಈ ಗುಡ್ಡಕ್ಕೆ ಬಂದದ್ದು ಕಲ್ಲು ಒಡೆಯಲು, ಧಣಿಯ ಅಪ್ಪನ ಕಾಲದಲ್ಲಿ. ಆಗ ಇಲ್ಲಿ ಕಲ್ಲುಗಣಿ ಇತ್ತು. ಗಣಿಯವರಿಗೆಂದು ಇಳಿಜಾರಿನಲ್ಲಿ ಐದು ಮನೆ ಎಬ್ಬಿಸಿಕೊಳ್ಳಲು ಬಿಟ್ಟರು. ಗಣಿ ನಿಂತಿತು, ಗುಂಡಿ ಮುಚ್ಚಿತು, ನಾವು ಉಳಿದೆವು.

ಧಣಿ ಶೆಡ್ಡಿಗೆ ಬಂದಾಗ ನಕ್ಷೆಯವನು ನಾಲ್ಕನೆಯ ಹಾಳೆಯ ಮೇಲೆ ಕೈಯಾಡಿಸುತ್ತಾ ಹೇಳಿದ: “ಚೌಕ ಹಾಕಿದ್ರೆ ಹೋಟೆಲ್ ತರ ಆಗುತ್ತೆ ಸಾರ್. ಗುಡ್ಡ ಬಳಸ್ಕೊಂಡು ಇಳಿಯುತ್ತೆ, ಕೊಳಾನೂ ಬಳಸ್ಬೇಕು. ಈ ಬಂಡೆ ಒಡೆಯೋದು ಬೇಡ, ನೀರು ಅದನ್ನ ತಬ್ಕೊಂಡು ತಿರುಗ್ಲಿ. ಒಳಗೆ ಕಪ್ಪು ಕಲ್ಲು. ನೀಲಿ ಟೈಲ್ ಹಾಕಿದ್ರೆ ಬಚ್ಚಲುಮನೆ. ನೋಡಿದೋರು ಇದನ್ನ ಕಟ್ಟಿದ್ದಾರೆ ಅನ್ಬಾರ್ದು, ಮೊದ್ಲಿಂದ ಇಲ್ಲೇ ಇತ್ತು ಅನ್ಬೇಕು.”

ಸುಳ್ಳು ಹೇಳಬಾರದು, ನನಗೂ ಆ ಚಿತ್ರ ಚೆಂದ ಕಂಡಿತು. ನೀರು ಬಂಡೆಯ ಸೊಂಟಕ್ಕೆ ಕೈ ಹಾಕಿ ನಿಂತ ಹಾಗಿತ್ತು. ಸಂಜೆ ಶಾಲೆಗೆ ನಾಲ್ಕು ವರ್ಷ ಹೋಗಿದ್ದರಿಂದ ನನಗೆ ಅಕ್ಷರ ಬರುತ್ತದೆ; ಹಾಳೆಯಲ್ಲಿ ಬರೆದದ್ದನ್ನೆಲ್ಲ ಓದಿದೆ. ಬಂಡೆ ಇತ್ತು, ಮರ ಇತ್ತು, ಕೆರೆ ಇತ್ತು. ನಮ್ಮ ಮನೆಗಳಿರುವ ಕಡೆ ಹಸಿರು ಬಣ್ಣ ಹಚ್ಚಿ ‘ಪೊದೆ’ ಎಂದು ಬರೆದಿತ್ತು. ನಾನೇ ತಪ್ಪಾಗಿ ಓದುತ್ತಿದ್ದೇನೇನೋ ಎಂದು ಕತ್ತು ಆ ಕಡೆ ಈ ಕಡೆ ತಿರುಗಿಸಿ ಮತ್ತೆ ನೋಡಿದೆ. ಪೊದೆಯೇ.

“ಧಣಿ, ಒಂದು ಮಾತು” ಎಂದ ಮಾವ. ಟವೆಲು ತಲೆಯಿಂದ ಕೈಗೆ ಬಂದಿತ್ತು. “ಬಂಡೆಯಿಂದ ಈಚೆಗೆ ಈ ಬಾಗು ಬಂತಲ್ಲ, ಅಲ್ಲಿ ಕೆಳಗೆ ನೆಲ ಇಲ್ಲ. ಹಳೇ ಗಣಿ ಗುಂಡಿ. ಚೂರುಕಲ್ಲು, ಮಣ್ಣು, ಕಸ ಎಲ್ಲ ತುಂಬಿದ್ದು ನಾನೇ. ಚೌಕ ಹಾಕಿದ್ರೆ ಇಡೀ ಕೊಳ ಬಂಡೆ ಮೇಲೆ ಕೂರುತ್ತೆ. ಈ ಬಾಗು ಕಸದ ಮೇಲೆ ಕೂರುತ್ತೆ.”

“ಮಣ್ಣು ಪರೀಕ್ಷೆ ಆಗಿದೆ” ಎಂದ ನಕ್ಷೆಯವನು.

“ಎಲ್ಲಿ ತೋಡಿದ್ರಿ ಸ್ವಾಮಿ?”

“ಮೇಲೆ. ಬಂಡೆ ಹತ್ರ.”

“ಬಂಡೆ ಹತ್ರ ಬಂಡೇನೇ ಸಿಗುತ್ತೆ.”

ಸೀಟಿ ಮುಂದೆ ನುಗ್ಗಿದ. “ನಕ್ಷೆ ನಿಮ್ಮಪ್ಪ ಬರೆದಿದ್ನೇನೋ ಬೋಳಿಮಗನೆ? ಕರಣೆ ಹಿಡಿ ಅಂದ್ರೆ ಕರಣೆ ಹಿಡಿ.”

ಧಣಿ ಕೈ ಎತ್ತಿ ಸೀಟಿಯನ್ನು ಸುಮ್ಮನಾಗಿಸಿದ. ಅವನು ಎಂದೂ ದನಿ ಏರಿಸಿದವನಲ್ಲ. “ಎಷ್ಟು ವರ್ಷ ಆಯ್ತು ನೀನು ಇಲ್ಲಿಗೆ ಬಂದು?” ಎಂದು ಕೇಳಿದ.

“ಇಪ್ಪತ್ತಾರು ಧಣಿ.”

“ಬಾಯಿ ಮುಚ್ಕೊಂಡಿದ್ದಕ್ಕೇ ಇಪ್ಪತ್ತಾರು ವರ್ಷ ಇದೀಯ.”

ಮಾರನೆಯ ದಿನ ಮಾವನೇ ರಬ್ಬರ್ ಪೈಪನ್ನು ನೆಲದ ಮೇಲೆ ಹಾವಿನ ಹಾಗೆ ಬಾಗಿಸಿ ಹಾಸಿ, ಅದರ ಗುಂಟ ಸುಣ್ಣದ ಪುಡಿ ಸುರಿದು ಆಕಾರ ಎಳೆದ. ಕೈ ಒಂದಿಷ್ಟೂ ಅಲುಗಲಿಲ್ಲ. ನಕ್ಷೆಯವನು “ಭೇಷ್” ಎಂದ.

*

ಬಾಗಿನ ಪಾಯ ತೋಡುವಾಗ ಆಳುದ್ದ ಹೋದರೂ ಗಟ್ಟಿ ನೆಲ ಸಿಗಲಿಲ್ಲ. ತುಕ್ಕು ಹಿಡಿದ ಡಬ್ಬ ಸಿಕ್ಕಿತು. ಹರಿದ ಗೋಣಿ ಸಿಕ್ಕಿತು. ಆಮೇಲೆ ಒಂದು ರಬ್ಬರ್ ಚಪ್ಪಲಿ. ಮಾವ ಅದನ್ನು ಕೊಡವಿ ತನ್ನ ಕಾಲಿಗೆ ಹಿಡಿದು ನೋಡಿದ.

“ನಂದೇ” ಎಂದ. “ಎಡಗಾಲಿಂದು. ಬಲಗಾಲಿಂದು ಇನ್ನೂ ಕೆಳಗಿರ್ಬೇಕು.”

ಎಲ್ಲರೂ ನಕ್ಕರು. ಮಾವ ಇನ್ನೂ ಒಂದು ಮೊಳ ತೋಡಿಸಿದ. ಸೀಟಿ ಬಂದು ಬೈದು, ತೋಡಿದ್ದನ್ನು ತುಂಬಿಸಿದ. ಚಪ್ಪಲಿಯೂ ಒಳಗೇ ಹೋಯಿತು.

ಗೋಡೆ ಎದ್ದಿತು. ಕೆಳಗಿನಿಂದ ನೋಡಿದರೆ ಎರಡಾಳೆತ್ತರ. ಕಾಂಕ್ರೀಟು ಸುರಿಯಲು ಕಟ್ಟಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದ ಮೇಲೆ ಅದಕ್ಕೆ ಇಪ್ಪತ್ತೊಂದು ದಿನ ನೀರು ಹಾಕುವುದು ನನ್ನ ಕೆಲಸ. ಯಾವ ಕಟ್ಟಡದಲ್ಲೂ ನನಗೆ ಇದೇ ಕೆಲಸ. ಅದಕ್ಕೇ ನನ್ನನ್ನು ನೀರಕ್ಕ ಎನ್ನುತ್ತಾರೆ. ಕಾಂಕ್ರೀಟಿಗೆ ನೀರು ಕುಡಿಸದಿದ್ದರೆ ಅದು ಒಳಗೊಳಗೇ ಬಿರಿಯುತ್ತದೆ. ಗೋಡೆಗೆ ಗೋಣಿ ಹೊದಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೋಯಿಸುತ್ತಿದ್ದೆ. ಆ ಗೋಡೆಯ ಯಾವ ಜಾಗ ಬೇಗ ಒಣಗುತ್ತದೆ, ಎಲ್ಲಿ ತಡವಾಗುತ್ತದೆ ಎನ್ನುವುದು ನನಗೆ ಮಕ್ಕಳ ಮೈಯ ಹಾಗೆ ಗೊತ್ತಾಯಿತು. ಗೋಡೆಯ ಬುಡದಿಂದ ನಮ್ಮ ಮನೆಯ ಹಿಂಗೋಡೆಗೆ ಹನ್ನೊಂದು ಹೆಜ್ಜೆ. ಹಿಂಗೋಡೆಯ ಆಚೆಗೆ ನನ್ನ ಇಬ್ಬರು ಹೆಣ್ಣುಮಕ್ಕಳು ಮಲಗುವ ಕೋಣೆ. ಕೊಡ ಹೊತ್ತು ಓಡಾಡುವಾಗ ಹೆಜ್ಜೆ ಎಣಿಸುತ್ತಿದ್ದೆ. ಒಮ್ಮೊಮ್ಮೆ ಹತ್ತೇ ಆಗುತ್ತಿತ್ತು. ನನ್ನ ಹೆಜ್ಜೆ ದೊಡ್ಡದಾಯಿತೇನೋ ಎಂದು ವಾಪಸ್ ಹೋಗಿ ಮತ್ತೆ ಎಣಿಸುತ್ತಿದ್ದೆ.

ಕೆಲಸ ಮುಗಿಯುತ್ತಾ ಬಂದ ಹಾಗೆ ಮೇಲಿನಿಂದ ಒಂದೊಂದೇ ಅಪ್ಪಣೆ ಇಳಿಯತೊಡಗಿತು. ಮೊದಲು ಐದೂ ಸೂರಿಗೆ ಹಸಿರು ಬಣ್ಣ. ಆಮೇಲೆ ಹೊರಗೆ ಬಟ್ಟೆ ಒಣಹಾಕಬಾರದು. ಆಮೇಲೆ ನಾಯಿ ಇರಬಾರದು. ಗೋಡೆಯ ಬುಡದುದ್ದಕ್ಕೂ ಬಳ್ಳಿ ನೆಡಿಸಿದರು, ಗೋಡೆಯೂ ಗುಡ್ಡದ ಹಾಗೇ ಕಾಣಲೆಂದು. ಅದಕ್ಕೂ ನೀರು ಹಾಕುವವಳು ನಾನೇ.

“ಐದು ಗಂಟೆ ಮೇಲೆ ಒಲೆ ಹಚ್ಬೇಡಿ. ಹೊಗೆ ನೀರಿನ ಮೇಲೆ ಬರುತ್ತೆ” ಎಂದ ಸೀಟಿ.

“ಉಸಿರು ಬಿಡ್ಬಹುದಾ ಅಣ್ಣ?” ಎಂದು ಕೇಳಿದಳು ನಾದಿನಿ.

“ಮೆಲ್ಲಗೆ ಬಿಡು.”

“ಮತ್ತೆ ಕೆಳಗಿಂದ ಬಿಡೋ ಗಾಳಿ?”

“ಥೂ, ಹಲ್ಕಾ!” ಎಂದು ಸೀಟಿಯೂ ನಕ್ಕುಬಿಟ್ಟ. ಅವನೂ ಯಾರದೋ ಮನೆಯ ಹಿತ್ತಲಲ್ಲಿ ಒಂದು ಕೋಣೆಯಲ್ಲಿರುವವನು. ನಗು ಮುಗಿದ ಮೇಲೆ ಸುತ್ತ ನೋಡಿ, ಮುಖ ಗಂಟಿಕ್ಕಿಕೊಂಡು ಮೂರು ಊದಿದ.

*

ಕೊಳ ತುಂಬಲು ನಾಲ್ಕು ದಿನ ಹಿಡಿಯಿತು. ತುಂಬಿದ ಸಂಜೆ ಗುಡ್ಡದ ಆಳುಗಳೆಲ್ಲ ನೋಡಲು ನಿಂತೆವು. ಕಪ್ಪು ನೀರು ಬಂಡೆಯನ್ನು ಸುತ್ತಿ ಬಂದು, ಅಂಚಿನಲ್ಲಿ ಒಂದು ಗಳಿಗೆ ನಿಂತ ಹಾಗೆ ಮಾಡಿ, ತೆಳ್ಳಗೆ ಜಾರಿ ಕೆಳಗಿನ ಕಾಲುವೆಗೆ ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದವು. ಮಾವ ಮಾತ್ರ ನೀರಿನ ಕಡೆ ನೋಡದೆ ಗೋಡೆಯ ಬುಡ ನೋಡುತ್ತಿದ್ದ.

ಆರನೆಯ ದಿನ ಬೆಳಿಗ್ಗೆ, ಬಾಗು ತಿರುಗುವಲ್ಲಿ, ಮೊಣಕಾಲೆತ್ತರದಲ್ಲಿ ಅಂಗೈಯಷ್ಟು ತೇವ ಕಂಡಿತು. ಅಂಚಿನಿಂದ ಜಾರಿದ ನೀರು ಅಲ್ಲಿಗೆ ಬರುವ ಹಾಗಿಲ್ಲ. ಕಾಲುವೆ ಬೇರೆ ಕಡೆ ಇದೆ. ಮುಟ್ಟಿದೆ, ತಣ್ಣಗಿತ್ತು. ಗೋಡೆಗೆ ನೀರು ಹಾಕುವುದು ನಿಲ್ಲಿಸಿ ಒಂದು ತಿಂಗಳ ಮೇಲಾಗಿತ್ತು.

ಸೀಟಿಯನ್ನು ಕರೆದು ತೋರಿಸಿದೆ.

“ಬಳ್ಳಿಗೆ ನೀರು ಹಾಕು ಅಂದ್ರೆ ಗೋಡೆಗೆ ಸ್ನಾನ ಮಾಡಿಸ್ತೀಯಾ? ಕಣ್ಣು ಕುಂಡೀಲಿದೆಯಾ?”

“ನಾನು ಬುಡಕ್ಕೆ ಮಾತ್ರ ಹಾಕೋದು ಅಣ್ಣ.”

“ಹಾಗಾದ್ರೆ ಗೋಡೆ ಅಳ್ತಿದೆಯಾ?”

ಅವನು ಹೋದ ಮೇಲೆ ನನಗೂ ಅನುಮಾನ ಬಂತು. ನಿನ್ನೆ ಕೊಡ ಬಗ್ಗಿಸುವಾಗ ಗೋಡೆಗೆ ಎರಚಿತೇ? ಎರಚಿರಬಹುದು. ಕೈ ಸೋತಿತ್ತು. ಬರಿಯ ನನ್ನ ಕೈತಪ್ಪನ್ನು ದೊಡ್ಡದು ಮಾಡಿ ಎಲ್ಲರನ್ನೂ ಹೆದರಿಸಿದರೆ ನಾಳೆ ನನ್ನ ಮಾತಿಗೆ ಬೆಲೆಯಿರುತ್ತದೆಯೇ? ಅದಕ್ಕೇ ಯಾರಿಗೂ ಹೇಳದೆ ಒಂದು ಪರೀಕ್ಷೆ ಮಾಡಿದೆ. ಬಳ್ಳಿಗಳಿಗೆ ನೀರು ಹಾಕುವುದನ್ನೇ ನಿಲ್ಲಿಸಿದೆ.

ಒಂದು ದಿನ, ಎರಡು ದಿನ, ಮೂರು ದಿನ. ಬಿಸಿಲು ಜೋರಾಗಿತ್ತು. ಗೋಡೆಯುದ್ದಕ್ಕೂ ಬಳ್ಳಿಗಳು ಎಲೆ ಇಳಿಬಿಟ್ಟವು, ಆಮೇಲೆ ಹಳದಿಯಾದವು. ಬಾಗಿನ ಹತ್ತಿರ ಮಾತ್ರ ಒಂದು ಗುಂಪು ಹಚ್ಚಗೆ ಚಿಗುರಿ ಮೊಳದುದ್ದ ಮೇಲೆ ಹತ್ತಿತ್ತು. ನಾಲ್ಕನೆಯ ದಿನ ಸೀಟಿ ಬಂದು ನೋಡಿ ನನ್ನ ಮೇಲೆ ಹಾರಿದ.

“ಇಲ್ಲಿ ಎಷ್ಟು ಚೆನ್ನಾಗಿ ಬೆಳೆಸಿದೀಯ, ಅಲ್ಲಿ ಯಾಕೆ ಸಾಯಿಸಿದೀಯ? ಇಲ್ಲಿ ಹಾಕೋ ಹಾಗೇ ಅಲ್ಲೂ ಹಾಕೋಕೆ ನಿನಗೇನು ರೋಗ?”

“ಇಲ್ಲಿ ನಾನು ಹಾಕಿಲ್ಲ” ಎಂದೆ.

ಅವನು ಎಲೆ ನೋಡಿದ. ಗೋಡೆ ನೋಡಿದ. ಅವನಿಗೆ ತಿಳಿಯಿತು ಎಂದು ನನಗನ್ನಿಸಿತು. ಆದರೆ ಅವನು ಸೀಟಿಯನ್ನೂ ಊದದೆ ಮೇಲೆ ಹೋದ.

ಆವತ್ತೇ ಮಾವನನ್ನು ಕರೆತಂದು ಎಲೆ ಸರಿಸಿ ತೋರಿಸಿದೆ. ತೇವದ ನಡುವೆ ಕೂದಲಿನಷ್ಟು ಬಿರುಕು ಇತ್ತು. ಮಾವ ಉಗುರು ಹಾಕಿ ಅದರ ಗುಂಟ ಎಳೆದ. ಮೊಣಕಾಲಿನಿಂದ ಭುಜದ ತನಕ ಹೋಯಿತು ಉಗುರು.

“ಕನ್ನಡಿ ಬೇಕು” ಎಂದ.

ಮನೆಯಲ್ಲಿದ್ದ ಕನ್ನಡಿ ನಾದಿನಿಯದು. “ನನ್ನ ಮುಖ ನೋಡ್ಕೊಳೋಕೆ ಇರೋದು ಇದೊಂದೇ ಅಪ್ಪ” ಎಂದು ಎದೆಗವಚಿಕೊಂಡಳು.

“ನಿನ್ನ ಮುಖ ನಾವು ದಿನಾ ನೋಡ್ತೀವಲ್ಲ ತಾಯಿ, ನಾವು ಅನುಭವಿಸೋದು ಸಾಲದಾ?”

ಕನ್ನಡಿಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿದ. ಅದನ್ನು ಬಿರುಕಿಗೆ ಅಡ್ಡವಾಗಿಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿದ. ಕಲ್ಲುಗಣಿಯ ಕಾಲದಿಂದ ಬಂದ ಕ್ರಮ ಅದು. “ಗೋಡೆ ಸುಮ್ನಿದ್ರೆ ಗಾಜು ಸುಮ್ನಿರುತ್ತೆ. ಗೋಡೆ ಅಲ್ಲಾಡಿದ್ರೆ ಒಡೆಯುತ್ತೆ. ಗಾಜಿಗೆ ನಮ್ಮ ತರ ಹೆದರಿಕೆ ಇಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೆ.”

ಐದು ಮನೆಯವರೂ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಎಲೆ ಸರಿಸಿ ಗಾಜು ನೋಡತೊಡಗಿದರು. ಬಗ್ಗಿದರೆ ಅದರಲ್ಲಿ ಅವರವರ ಒಂದೊಂದು ಕಣ್ಣು ಕಾಣುತ್ತಿತ್ತು.

ಮೂರನೆಯ ಬೆಳಿಗ್ಗೆ ನನ್ನ ಕಣ್ಣು ಎರಡಾಗಿ ಕಂಡಿತು.

*

ಮಾವ, ನಾನು, ಉಳಿದ ನಾಲ್ಕು ಮನೆಯಿಂದ ಒಬ್ಬೊಬ್ಬರು ಮೇಲೆ ಹೋದೆವು. ಧಣಿ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ನಕ್ಷೆಯವನು ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿಕೊಂಡು ಕೊಳದ ಫೋಟೋ ತೆಗೆಯುತ್ತಿದ್ದ. ಭಾನುವಾರ ನೂರು ಜನ ಅತಿಥಿಗಳು ಬರುವವರಿದ್ದರು. ನಮ್ಮ ಕಾಲಿನ ಮಣ್ಣು ಹೊಸ ಕಲ್ಲಿಗೆ ಹತ್ತದಿರಲೆಂದು ಸೀಟಿ ನಮ್ಮನ್ನು ಹುಲ್ಲಿನ ಮೇಲೆ ನಿಲ್ಲಿಸಿದ.

ಮಾವ ಒಡೆದ ಗಾಜಿನ ಎರಡು ತುಂಡನ್ನು ಅಂಗೈಯಲ್ಲಿಟ್ಟು ತೋರಿಸಿದ. “ಗೋಡೆ ಜರುಗ್ತಿದೆ ಧಣಿ. ಅರ್ಧ ನೀರು ಇಳಿಸಿದ್ರೆ ಸಾಕು, ನಾನು ಹಿಂದಿನಿಂದ ಕಲ್ಲಿನ ಆಸರೆ ಕೊಡ್ತೀನಿ.”

“ಕೂದಲ ಬಿರುಕು ಎಲ್ಲಾ ಕಾಂಕ್ರೀಟಲ್ಲೂ ಬರುತ್ತೆ ಸಾರ್” ಎಂದ ನಕ್ಷೆಯವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ. “ಹಿಂದೆ ಆಸರೆ ಗೋಡೆ ಕಟ್ಟಿದ್ರೆ ಆ ತೇಲೋ ನೋಟ ಹೋಗುತ್ತೆ. ಇಟ್ಟಿಗೆ ಗೂಡಿನ ತರ ಕಾಣುತ್ತೆ.”

“ಭಾನುವಾರದ ಮೇಲೆ ನೋಡೋಣ” ಎಂದ ಧಣಿ. “ಅಲ್ಲಿವರೆಗೆ ಗಾರೆ ಮೆತ್ತಿ.”

ಮಾತಾಡಬೇಕೋ ಬೇಡವೋ ಎಂದು ನಾನು ಅಷ್ಟು ಹೊತ್ತು ಒದ್ದಾಡುತ್ತಿದ್ದೆ. “ಧಣಿ, ಭಾನುವಾರದವರೆಗೆ ಮಕ್ಕಳನ್ನ ಸಿಮೆಂಟ್ ಶೆಡ್ಡಲ್ಲಿ ಮಲಗಿಸ್ಕೊಳ್ತೀವಿ. ಬರೀ ರಾತ್ರಿ” ಎಂದೆ.

“ಶೆಡ್ಡು ಕೆಡವ್ತಿದಾರೆ. ಅಲ್ಲಿ ಕಾರು ನಿಲ್ಬೇಕು.”

“ಹಾಗಾದ್ರೆ ಗೇಟಿನ ಆಚೆ, ಮರದ ಕೆಳಗೆ...”

“ನೋಡಮ್ಮ.” ಧಣಿಯ ದನಿ ಮೆತ್ತಗೇ ಇತ್ತು. “ನಿಮ್ಮನ್ನ ಇಲ್ಲೇ ಇರಿ ಅಂತ ನಾನು ಕಟ್ಟಿಹಾಕಿಲ್ಲ. ಹೆದರಿಕೆ ಆದೋರು ಹೋಗ್ಬಹುದು. ಹೋದೋರು ತಿರುಗಿ ಬರೋದು ಬೇಡ. ಆ ಮನೆಗಳು ಖಾಲಿಯಾದಷ್ಟೂ ನನಗೆ ನೋಟ ಚೆನ್ನಾಗಿರುತ್ತೆ.”

ಕ್ಯಾಮೆರಾ ಕ್ಲಿಕ್ಕೆಂದಿತು.

ಇಳಿಯುವಾಗ, ಹೋಗುವುದಾದರೆ ಎಲ್ಲಿಗೆ ಎಂದು ಒಬ್ಬರೂ ಕೇಳಲಿಲ್ಲ. ಉತ್ತರ ಎಲ್ಲರಿಗೂ ಒಂದೇ ಇತ್ತು. ಮಾವ ಅರ್ಧ ಚೀಲ ಸಿಮೆಂಟು ಪಡೆದು ಬಂದು ಬಿರುಕಿಗೆ ಗಾರೆ ಮೆತ್ತಿದ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲದ ಹಾಗೆ, ನುಣ್ಣಗೆ. ಆಮೇಲೆ ಕರಣೆ ಒರೆಸುತ್ತಾ, “ಇಷ್ಟು ಚೆನ್ನಾಗಿ ಸುಳ್ಳು ಹೇಳೋಕೆ ನನ್ನ ಕೈಗೆ ಯಾವಾಗ ಬಂತೋ” ಎಂದ. ಉಳಿದ ಕನ್ನಡಿಯಿಂದ ಇನ್ನೊಂದು ಪಟ್ಟಿ ಕತ್ತರಿಸಿ ಎಲೆಯ ಮರೆಯಲ್ಲಿ ಅಂಟಿಸಿದ.

*

ಭಾನುವಾರ ಮಧ್ಯಾಹ್ನ ಸೀಟಿ ಬಂದು ಐದೂ ಬಾಗಿಲು ಬಡಿದ. ಹೊಸ ಅಂಗಿ ಹಾಕಿದ್ದ.

“ಎಲ್ರೂ ಒಳಗೆ. ಬಾಗಿಲು ಹಾಕ್ಕೊಳ್ಳಿ. ಅತಿಥಿಗಳು ಹೋಗೋವರೆಗೂ ಹೊರಗೆ ಒಂದು ನೊಣ ಕಾಣ್ಬಾರ್ದು.”

“ಉಚ್ಚೆ ಬಂದ್ರೆ?” ಎಂದಳು ನಾದಿನಿ.

“ಹಿಡ್ಕೊ.” ಈ ಸಲ ಅವನು ನಗಲಿಲ್ಲ. ಹೋಗುವಾಗ ಗೋಡೆಯ ಕಡೆ ಒಮ್ಮೆ ನೋಡಿ ಬೇಗ ಬೇಗ ಹತ್ತಿದ.

ಮಕ್ಕಳನ್ನು ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ತಂದು ಕೂರಿಸಿಕೊಂಡೆ. ಬಾಗಿಲು ಹಾಕಿದ ಮೇಲೆ ತಗಡಿನ ಕಾವು ಇಳಿಯತೊಡಗಿತು. ಮೇಲೆ ಹಾಡು ಹಾಕಿದ್ದರು. ನಗು ಕೇಳುತ್ತಿತ್ತು, ಯಾರೋ ನೀರಿಗೆ ಧುಮುಕುವುದು ಕೇಳುತ್ತಿತ್ತು. ಪ್ರತಿ ಸಲ ಧುಮುಕಿದಾಗಲೂ ಮಾವ ಹಿಂಗೋಡೆಗೆ ಅಂಗೈ ಒತ್ತಿ ಹಿಡಿಯುತ್ತಿದ್ದ, ನಾಡಿ ನೋಡುವವನ ಹಾಗೆ.

ಆಗ ಟಿಣ್ ಎಂದಿತು.

“ಅತ್ತಿಗೆ” ಎಂದಳು ನಾದಿನಿ. “ಕೇಳಿಸ್ತಾ?”

ಕೇಳಿಸಿತ್ತು. ಆದರೆ ಮೇಲೆ ನೂರು ಜನರ ಕೈಯಲ್ಲಿ ನೂರು ಗಾಜಿನ ಲೋಟಗಳಿದ್ದವು. ಒಂದಕ್ಕೊಂದು ತಾಗಿಸಿ ಕುಡಿಯುತ್ತಿದ್ದರು. ಅದರ ಸದ್ದೇ ಆಗಿದ್ದರೆ? ಬಾಗಿಲು ತೆಗೆದು ಹೊರಗೆ ಹೋಗಿ, ಅಲ್ಲಿ ಗಾಜು ಸುಮ್ಮನೆ ಇದ್ದರೆ? ಐದು ಮನೆಯ ನೆಲೆ ನನ್ನೊಬ್ಬಳ ಕಿವಿಯ ತಪ್ಪಿಗೆ ಹೋಗುತ್ತದೆ. ಎಣಿಸಿದೆ, ಸಂಜೆ ಶಾಲೆಯಲ್ಲಿ ಉತ್ತರ ಬರೆಯುವ ಮೊದಲು ಎಣಿಸುತ್ತಿದ್ದ ಹಾಗೆ. ಹನ್ನೊಂದರ ತನಕ ಎಣಿಸಿ ಹಿಂದಿನ ಬಾಗಿಲು ತೆಗೆದೆ.

ತಲೆ ಕಾಣಬಾರದೆಂದು ಅಂಬೆಗಾಲಿಟ್ಟು ಹೋದೆ. ಅಂಗೈಗೆ ನೆಲ ಒದ್ದೆಯಾಗಿತ್ತು. ಎಲೆ ಸರಿಸಿದರೆ ಗಾಜು ಎರಡಾಗಿರಲಿಲ್ಲ, ಇರಲೇ ಇಲ್ಲ. ಚೂರುಗಳು ಕೆಳಗೆ ಬಿದ್ದಿದ್ದವು. ಮಾವ ಮೆತ್ತಿದ ಗಾರೆ ಬಾಯಿ ಬಿಟ್ಟು ಅದರೊಳಗಿಂದ ನೀರು ದಾರದ ಹಾಗೆ ಹೊರಗೆ ಬಂದು ನನ್ನ ಮಣಿಕಟ್ಟಿಗೆ ಬಿತ್ತು. ದಾರದ ಬಣ್ಣ ಕೆಂಪಗಿತ್ತು. ಗುಂಡಿಯ ಮಣ್ಣು.

ಕೊಳ ಖಾಲಿ ಮಾಡುವ ಪೈಪು ಗೋಡೆಯ ಬುಡದಲ್ಲೇ, ಏಳು ಹೆಜ್ಜೆ ಆಚೆ. ಅದಕ್ಕೆ ಕಬ್ಬಿಣದ ಚಕ್ರ ಇರುವ ವಾಲ್ವು. ಒಳಗಿನ ಕಲ್ಲು ತೊಳೆದಾಗಲೆಲ್ಲ ಅದನ್ನು ತಿರುಗಿಸಿ ನೀರು ಬಿಡುತ್ತಿದ್ದವಳು ನಾನೇ. ಕೂತು ಅದನ್ನು ತಿರುಗಿಸಲು ಆಗುವುದಿಲ್ಲ. ಎದ್ದು ನಿಂತು ಎರಡೂ ಕೈ ಹಾಕಬೇಕು.

ಎದ್ದು ನಿಂತೆ.

“ಆ ತಲೆ ಯಾರದ್ದು?” ಎಂದಿತು ಮೇಲ್ಗಡೆಯ ದನಿ. ಅದೇ ದನಿ.

ಚಕ್ರ ಮೊದಲು ಕದಲಲಿಲ್ಲ. ಸೀಟಿ ಮೂರು ಊದಿತು. ಮತ್ತೆ ಮೂರು. ಕಾಲು ಗೋಡೆಗೆ ಕೊಟ್ಟು ಎಳೆದೆ. ಕಿರ್ ಎಂದು ಅರ್ಧ ಸುತ್ತು ಬಂತು, ಆಮೇಲೆ ಒಂದು, ಆಮೇಲೆ ತಾನೇ ಸಲೀಸಾಗಿ ತಿರುಗಿತು. ಪೈಪು ಒಮ್ಮೆ ಕೆಮ್ಮಿ, ಕಪ್ಪು ನೀರನ್ನು ತೊಡೆಯ ಗಾತ್ರಕ್ಕೆ ಹಳ್ಳದ ಕಡೆ ಉಗುಳಿತು.

ಮಾವ ಹಿಂದೆಯೇ ಬಂದಿದ್ದ, ಕೈಯಲ್ಲಿ ಸುತ್ತಿಗೆ ಇತ್ತು. “ಚಕ್ರ ತೆಗೀಬೇಕು” ಎಂದ. ಮೊಳೆ ಬಡಿದು ಸಡಿಲಿಸಿ ಚಕ್ರ ಕಳಚಿ ನನ್ನ ಕೈಗೆ ಕೊಟ್ಟ. ಉಳಿದ ಕಬ್ಬಿಣದ ಕಡ್ಡಿಗೆ ಒಂದೇ ಒಂದು ಏಟು ಕೊಟ್ಟ. ಕಲ್ಲು ಒಡೆಯುವವನ ಏಟು. ಕಡ್ಡಿ ಬಾಗಿ ಪೈಪಿಗೆ ಒರಗಿತು.

“ಇನ್ನು ಇದನ್ನ ಮುಚ್ಚೋಕೆ ಅವರಪ್ಪ ಬರ್ಬೇಕು” ಎಂದ.

ಅಷ್ಟರಲ್ಲಿ ನಾದಿನಿ ಉಳಿದ ಬಾಗಿಲುಗಳನ್ನು ಬಡಿದು ಎಲ್ಲರನ್ನೂ ಹೊರಗೆ ತಂದಿದ್ದಳು. ಮಕ್ಕಳು, ಮುದುಕರು, ಹಾಸಿಗೆ, ಪಾತ್ರೆ. ಇಳಿಜಾರು ಬಿಟ್ಟು ಪಕ್ಕದ ಗಟ್ಟಿ ಬಂಡೆಯ ಮೇಲೆ ಸಾಲಾಗಿ ಹೋಗಿ ನಿಂತರು. ಮೇಲಿನ ಕುರ್ಚಿಯಿಂದ ನೋಡಿದರೆ ನೇರ ಆಕಾಶದಲ್ಲಿ ಕಾಣುವ ಜಾಗ ಅದು.

ಮೇಲೆ ಹಾಡು ನಿಂತಿತು. ಅಂಚಿನಿಂದ ಜಾರುತ್ತಿದ್ದ ನೀರು ತುಂಡು ತುಂಡಾಗಿ, ಆಮೇಲೆ ನಿಂತೇಹೋಯಿತು. ಒದ್ದೆ ಮೈಯ ಜನ ಅಂಚಿಗೆ ಬಂದು ಬಗ್ಗಿ ನೋಡಿದರು. “ಅಯ್ಯೋ, ಇಲ್ಲಿ ಮನೆಗಳಿದಾವೆ!” ಎಂದಳು ಯಾರೋ ಹೆಂಗಸು.

ಮೇಲಿನಿಂದ ಕೆಳಕ್ಕೆ ಬರಲು ಗೇಟು ಸುತ್ತಿ ಬರಬೇಕು, ಹತ್ತು ನಿಮಿಷದ ದಾರಿ. ಮಾವ ಅವಸರ ಮಾಡಲಿಲ್ಲ. ಬಂಡೆಯ ಮಗ್ಗುಲಿಗಿದ್ದ ಕೊನೆಯ ಮನೆಯ ಮುಂದೆ, ಮುರಿದ ಮೆಟ್ಟಿಲಿನ ಜಾಗದಲ್ಲಿ ಮೊಳಕಾಲೂರಿ ಕೂತ. ಬಿರುಕಿಗೆಂದು ಕೊಟ್ಟಿದ್ದ ಸಿಮೆಂಟಿನಲ್ಲಿ ಉಳಿದಿದ್ದನ್ನು ಬಾಂಡ್ಲಿಗೆ ಸುರಿದು ಮರಳು ಕಲಸಿದ. ನನ್ನ ಕೈಯಿಂದ ಚಕ್ರ ತೆಗೆದುಕೊಂಡು ಮೆಟ್ಟಿಲಿನ ಗುಂಡಿಯಲ್ಲಿ ಇಟ್ಟ. ಮೇಲೆ ಗಾರೆ ಸುರಿದು ಕರಣೆ ಆಡಿಸಿದ. ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ಬರುವ ತನಕ ನೋಡಿದ. ಇಷ್ಟು ಚೊಕ್ಕಟವಾದ ಮೆಟ್ಟಿಲು ನಮ್ಮ ಸಾಲಿನ ಯಾವ ಮನೆಗೂ ಇರಲಿಲ್ಲ.

ಸೀಟಿ ಓಡಿ ಬಂದ, ಹೊಸ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಹಿಂದೆ ನಕ್ಷೆಯವನು. ಧಣಿ ಬರಲಿಲ್ಲ, ಅಂಚಿನ ಮೇಲೆ ನಿಂತು ಫೋನು ಕಿವಿಗಿಟ್ಟುಕೊಂಡಿದ್ದ. “ಪೊಲೀಸ್ನೋರು ಬರ್ತಿದಾರೆ” ಎಂದ ಸೀಟಿ. “ಚಕ್ರ ಎಲ್ಲಿ? ಕೊಟ್ಟುಬಿಡೇ ಬೇವರ್ಸಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡ!”

“ಗೋಡೆ ನೋಡು ಮೊದ್ಲು” ಎಂದ ಮಾವ.

ನಕ್ಷೆಯವನು ಬಳ್ಳಿ ಸರಿಸಿದ. ಬಿರುಕಿಗೆ ಬೆರಳಿಟ್ಟ. ಎರಡು ಗೆಣ್ಣಿನ ತನಕ ಬೆರಳು ಒಳಗೆ ಹೋಯಿತು. ಅದನ್ನು ಹಾಗೇ ಹೊರಗೆಳೆದು, ಅಂಟಿದ ಕೆಂಪು ಮಣ್ಣನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ಮೇಲಿದ್ದ ಧಣಿಯ ಕಡೆ ನೋಡಿದ.

“ಏನಿಲ್ಲ ಸಾರ್” ಎಂದು ಕೂಗಿದ. “ಮೇಲ್ಮೇಲೆ ಅಷ್ಟೇ. ನಾಳೆ ಮತ್ತೆ ತುಂಬಿಸ್ಬಹುದು.”

ಕೊಳದಲ್ಲಿ ಇನ್ನೂ ಅರ್ಧ ನೀರಿತ್ತು. ಗೋಡೆಯ ಒಳಗಿನಿಂದ, ನೆಲದ ಆಳದಿಂದ, ಯಾರೋ ಭಾರದ ಪೆಟ್ಟಿಗೆಯನ್ನು ಒಂದು ಗೇಣು ಎಳೆದ ಹಾಗೆ ಸದ್ದಾಯಿತು. ನಕ್ಷೆಯವನು ಎರಡು ಹೆಜ್ಜೆ ಹಿಂದೆ ಸರಿದ. ಸೀಟಿ ಓಡಿ ಹೋಗಿ ಬಂಡೆಯ ಮೇಲೆ, ನಮ್ಮ ಮಕ್ಕಳ ಪಕ್ಕದಲ್ಲಿ ನಿಂತ.

ನಾನು ಸರಿ ಮಾಡಿದೆನೋ, ತಡವಾಗಿ ಮಾಡಿದೆನೋ ನನಗೆ ಇನ್ನೂ ಗೊತ್ತಿರಲಿಲ್ಲ. ಗೇಟಿನ ಕಡೆಯಿಂದ ಜೀಪು ಇಳಿಯುವ ಸದ್ದು ಬಂತು. ಚೊಂಬು ತುಂಬಿಕೊಂಡು ಬಂದೆ. ಗೋಣಿಚೀಲ ತೋಯಿಸಿ ಹೊಸ ಮೆಟ್ಟಿಲಿಗೆ ಹೊದಿಸಿದೆ. ಅಂಚಿನಿಂದ ನಡುವಿಗೆ, ನಿಧಾನವಾಗಿ ನೀರು ಹಾಕತೊಡಗಿದೆ.